ಇಪ್ಪತ್ತೆರಡನೇ ನಿಮಿಷ

ಮಾರ್ಚ್ ೭, ಶನಿವಾರ. ಸಂಜೆ ೫.೩೦

ಹದಿನಾಲ್ಕು ಕೇಬಲ್ ಎಳೆದಾಯಿತು. ಎರಡು ಕೆಟ್ಟಿದ್ದವು. ಮೂಲೆಗಿಟ್ಟೆ, ಮಾವ ಸರಿ ಮಾಡಿಕೊಡುತ್ತಾನೆ. ಎರಡೂ ಮೇಜುಗಳ ಗಾಲಿಗೆ ಎಣ್ಣೆ ಬಿಟ್ಟೆ. ಕಳೆದ ಸಲ ಹಿಂದಿನ ಮೇಜು ಕಿರ್ರೆಂದು ಮಾನ ಕಳೆದಿತ್ತು.

ನಾಳೆ ಮಧ್ಯಾಹ್ನ ಮೂರರಿಂದ ಆರು. ನಾಲ್ಕು ಜನ ಎಲೆಕ್ಟ್ರಾನಿಕ್ ಸಂಗೀತ ನುಡಿಸುವವರು. ಒಬ್ಬರು ಮುಂದಿನ ಮೇಜಿನಲ್ಲಿರುವಾಗ ಇನ್ನೊಬ್ಬರ ಯಂತ್ರಗಳೆಲ್ಲ ಪರದೆಯಾಚೆ, ಹಿಂದಿನ ಮೇಜಿನಲ್ಲಿ, ವೈರು ಸಿಕ್ಕಿಸಿಕೊಂಡು ಸಿದ್ಧ. ಹೋಗುವವರು ಕೊನೆಗೊಂದು ಉದ್ದನೆಯ ನಾದ ಬಿಟ್ಟುಕೊಡಬೇಕು. ಬರುವವರು ಅದರ ಕೆಳಗೆ ತಮ್ಮ ತಾಳ ಸೇರಿಸಬೇಕು. ನಾನು ಸೌಂಡ್ ಮಿಕ್ಸರ್‌ನಲ್ಲಿ ಒಬ್ಬರ ಸದ್ದಿನ ಫೇಡರ್ ಇಳಿಸಿ ಇನ್ನೊಬ್ಬರದು ಏರಿಸುತ್ತೇನೆ. ಅಷ್ಟೇನಾ ಅನ್ನುವವರು ಒಮ್ಮೆ ಬಂದು ಮಾಡಿ ನೋಡಲಿ. ಮೂರು ವರ್ಷದಲ್ಲಿ ಈ ಹಾಲ್‌ನಲ್ಲಿ ಇಬ್ಬರ ನಡುವೆ ಒಂದು ಸೆಕೆಂಡ್ ಖಾಲಿ ಬಿದ್ದಿಲ್ಲ.

ನಿಯಮ ಒಂದೇ. ನುಡಿಸುವವರು ಎರಡೂ ಕೈ ಮೇಜಿನಿಂದ ಎತ್ತಿ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಆಮೇಲೇ ಫೇಡರ್. ಮಿಕ್ಸರ್ ಮೇಲೆ ಟೇಪ್ ಅಂಟಿಸಿ ಬರೆದಿದ್ದೇನೆ — ಕೈ ನೋಡು. ನಾನೇ ಮಾಡಿದ ನಿಯಮ. ಹೊಸಬರಿಗೆಲ್ಲ ಇದನ್ನೇ ಕೊರೆಯುತ್ತೇನೆ.

ಮೂರನೆಯವನಾಗಿ ನಮ್ಮ ಮಾವ! ಅಮ್ಮನ ಅಣ್ಣ. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿ, ಅರವತ್ನಾಲ್ಕಕ್ಕೆ ಮೊದಲ ಸಲ ವೇದಿಕೆ. ಹಳೇ ಸ್ಪ್ಯಾನರ್ ಡಬ್ಬಿಯೊಳಗೆ ತಾನೇ ಕಟ್ಟಿದ ಯಂತ್ರ, ಎಂಟು ತಿಂಗಳ ಕೆಲಸ. ಹೆಸರಿಟ್ಟಿಲ್ಲ, "ಡಬ್ಬಿ" ಅಷ್ಟೇ. ಸೌಂಡ್‌ಚೆಕ್‌ನಲ್ಲಿ ಅತ್ತೆಯ ಹೊಲಿಗೆ ಮಿಷನ್ನಿನ ಟಕಟಕ ಕೇಳಿಸಿತು. ಅದರ ಮೇಲೇ ಸ್ವರ ಕಟ್ಟಿದ್ದಾನೆ. ಅತ್ತೆ ಹೋಗಿ ಮೊನ್ನೆಗೆ ಒಂದು ವರ್ಷ.

"ಪೂರ್ತಿ ಕೇಳ್ಬಿಡೇ ಒಂದ್ಸಲ. ಇಪ್ಪತ್ತೆಂಟೇ ನಿಮಿಷ."

"ಲೆವೆಲ್ ಸಿಕ್ತು ಮಾವ. ಸಾಕು. ಬೇರೆಯವ್ರು ಕಾಯ್ತಿದಾರೆ."

"ನಡುವೆ ಒಂದ್ಕಡೆ..."

"ನಾಳೆ ಎಲ್ರ ಜೊತೆ ಕೇಳ್ತೀನಲ್ಲ."

ನಾಲ್ಕು ನಿಮಿಷ ಕೇಳಿದ್ದೆ. ನಾಲ್ಕಾಗಿ ಮಡಚಿದ ಚೀಟಿ ಕೊಟ್ಟ. ಜೀನ್ಸ್ ಜೇಬಿಗೆ ತುರುಕಿಕೊಂಡೆ. ಕಾಯುತ್ತಿದ್ದದ್ದು ಕೊನೆಗೆ ನುಡಿಸುವ ಹುಡುಗ ಜಿಂಕೆ ಒಬ್ಬನೇ, ಅವನೂ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ.


ಮಾರ್ಚ್ ೮, ಭಾನುವಾರ. ಮಧ್ಯಾಹ್ನ ೧.೪೦

ಮಾವ ಬಂದ. ಅತ್ತೆ ಹೊಲಿದ ಅಂಗಿ, ಗರಿಗರಿ ಇಸ್ತ್ರಿ. ಮೂರು ಸಲ ಬಾತ್‌ರೂಮಿಗೆ ಹೋಗಿಬಂದ. ಮದುಮಗ ಅಂತ ರೇಗಿಸಿದೆ, ನಗಲಿಲ್ಲ.

ಹಾಲ್ ನೋಡಿಕೊಳ್ಳುವ ಮೇಡಂ ಎರಡು ಸಲ ಹೇಳಿಹೋದರು — "ಐದಕ್ಕೆ ಜಿಂಕೆ ಶುರುವಾಗ್ಲೇಬೇಕು. ಜನ ಬರೋದೇ ಅವನಿಗೆ. ನಡುವೆ ಡಲ್ ಹೊಡೆದ್ರೆ ಎದ್ದು ಹೋಗ್ಬಿಡ್ತಾರೆ." ಇಪ್ಪತ್ತೆರಡರ ಹುಡುಗ, ನುಡಿಸುವಾಗ ನೆಗೆಯುತ್ತಾನೆ, ಅದಕ್ಕೇ ಆ ಹೆಸರು.

ಡಲ್ ಹೊಡೆಯುವುದೇ? ನಾನಿರುವಾಗ?


ಮಾರ್ಚ್ ೮. ಸಂಜೆ ೭.೧೫

ಚೆನ್ನಾಗಿ ಆಯಿತು. ಹಾಗಂತ ಎಲ್ಲರೂ ಹೇಳುತ್ತಿದ್ದಾರೆ.

ಮಾವ ನಾಲ್ಕೂವರೆಗೆ ಶುರು. ಜನ ಮೊದಮೊದಲು ಗುಸುಗುಸು, ಆಮೇಲೆ ಸುಮ್ಮನಾದರು. ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣು ಮುಚ್ಚಿದ್ದರು. ಮಾವನ ಮುಖದಲ್ಲಿ ಬೆವರು, ಆದರೆ ಕೈ ಗುಂಡಿಯಿಂದ ಗುಂಡಿಗೆ ಸಲೀಸಾಗಿ ಹೋಗುತ್ತಿತ್ತು. ಹೆಮ್ಮೆಯಾಯಿತು.

ಇಪ್ಪತ್ತೆರಡನೇ ನಿಮಿಷ — ನಿಂತುಹೋಯಿತು. ತಟ್ಟನೆ. ಸದ್ದಿನ ಮೀಟರ್ ತಳಕ್ಕೆ. ಒಂದು ಸೆಕೆಂಡ್, ಎರಡು, ಮೂರು. ಇನ್ನೂರು ಜನ. ಯಾರೋ ಕೆಮ್ಮಿದರು. ನಾಲ್ಕು, ಐದು. ಮೇಡಂ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಜಿಂಕೆಯ ತಾಳ ಆಗಲೇ ನನ್ನ ಹೆಡ್‌ಫೋನ್‌ನಲ್ಲಿ ಓಡುತ್ತಿತ್ತು, ಪರದೆಯ ಸಂದಿಯಿಂದ ಅವನ ಹೆಬ್ಬೆರಳು ಮೇಲೆದ್ದಿತ್ತು, ಸಿದ್ಧ ಅಂತ. ಏಳು.

ಮಾವನ ಚಾನೆಲ್ ಇಳಿಸಿದೆ. ಜಿಂಕೆಯದು ಏರಿಸಿದೆ. ಲೈಟಿನವಳು ನನ್ನ ಕೈ ನೋಡಿ ಬೆಳಕು ತಿರುಗಿಸಿದಳು. ಪರದೆ ಸರಿಯಿತು. ಜನ ಹೋ ಎಂದು ಕೂಗಿದರು. ಬೇಕೆಂದೇ ಹೀಗೆ ಹೆಣೆದಿದ್ದು ಅಂದುಕೊಂಡರು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಆಯಿತು ಅಂದರು ಮೇಡಂ.

ಕತ್ತಲಾದ ಕಡೆ ಮಾವ ನಿಂತಿದ್ದ. ಡಬ್ಬಿ ಮುಟ್ಟಿದ. ನನ್ನ ಕಡೆ ನೋಡಿದ. ಆಮೇಲೆ ಹಿಂದೆ ಸರಿದು, ಎಲ್ಲರ ಜೊತೆ ತಾನೂ ಜಿಂಕೆಗೆ ಚಪ್ಪಾಳೆ ತಟ್ಟಿದ.

"ಡಬ್ಬಿ ಸತ್ತೋಯ್ತೇನೇ?"

"ಹೂಂ ಮಾವ. ಸಿಗ್ನಲ್ ಬರ್ಲೇ ಇಲ್ಲ."

"ಲೈಟೆಲ್ಲ ಉರೀತಿತ್ತಲ್ಲೇ."

"ಔಟ್‌ಪುಟ್ ಹೋಗಿರ್ಬೇಕು."

"ನಿನ್ನ ಪ್ರೋಗ್ರಾಂ ಕೆಡಿಸ್ದೆ ಅಲ್ವಾ. ಸಾರಿ ಕಣೇ."

ನನಗೇ ಸಾರಿ ಹೇಳಿದ.

ಡಬ್ಬಿ ಸತ್ತಿತೆಂದೇ ಆಗ ನಂಬಿದ್ದೆ. ಬಹುಪಾಲು. ಆದರೆ ಕೈ... ಎರಡೂ ಕೈ ಮೇಜಿನ ಮೇಲಿದ್ದವು. ನೋಡಿದ್ದೆ.


ಮಾರ್ಚ್ ೧೦, ಮಂಗಳವಾರ. ಬೆಳಿಗ್ಗೆ

ಬಟ್ಟೆ ಒಗೆಯಲು ಹಾಕುವಾಗ ಜೇಬಿನಲ್ಲಿ ಚೀಟಿ. ಪೆನ್ಸಿಲ್ ಅಕ್ಷರ, ಮಾವನದು, ಸರ್ಕ್ಯೂಟ್ ಬರೆದಂತೆ ನೇರ ನೇರ.

"೯ನೇ ನಿಮಿಷ — ಬೇಸ್ ಸ್ವಲ್ಪ ಇಳಿಸು. ೨೨ — ಪೂರ್ತಿ ನಿಲ್ಲುತ್ತೆ, ಸುಮಾರು ೪೦ ಸೆಕೆಂಡ್. ಅತ್ತೆ ಸೂಜಿಗೆ ದಾರ ಪೋಣಿಸ್ತಿದ್ದಾಳೆ. ಹೆದರಬೇಡ. ಆಮೇಲೆ ಬರುತ್ತೆ."

ವಾಷಿಂಗ್ ಮೆಷಿನ್ ಮುಂದೆಯೇ ನೆಲದ ಮೇಲೆ ಕೂತುಬಿಟ್ಟೆ.

ಅತ್ತೆ ದಾರ ಪೋಣಿಸುವಾಗ ಆ ಮನೆಯಲ್ಲಿ ಯಾರೂ ಉಸಿರೆತ್ತುವ ಹಾಗಿರಲಿಲ್ಲ. ಅವಳಿಗೆ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ, ಕನ್ನಡಕ ಹಾಕು ಅಂದರೆ ಸಿಟ್ಟು. ಮಿಷನ್ ನಿಂತ ಕೂಡಲೇ ಮಾವ ರೇಡಿಯೋ ಸಣ್ಣಗೆ ಮಾಡುತ್ತಿದ್ದ, ನಾನು ಬಾಯಲ್ಲಿದ್ದದ್ದು ಅಗಿಯುವುದನ್ನೂ ನಿಲ್ಲಿಸುತ್ತಿದ್ದೆ. ರಜೆಯೆಲ್ಲ ಅಲ್ಲೇ ಕಳೆದವಳು. ಸಭಿಕರಲ್ಲಿ ಯಾರಿಗೂ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು. ಹೆದರಬೇಡ ಅಂತ ಬೇರೆ ಬರೆದಿದ್ದಾನೆ. ನನ್ನನ್ನು ಅಷ್ಟು ಬಲ್ಲವನು. ಚೀಟಿ ಓದಿಯೂ ಮುಚ್ಚಿದಳೆಂದರೆ ಡಬ್ಬಿಯೇ ಸತ್ತಿರಬೇಕು ಅಂದುಕೊಂಡಿದ್ದಾನೆ.


ಮಾರ್ಚ್ ೧೧, ಬುಧವಾರ. ಬೆಳಿಗ್ಗೆ ೮

ಬೇಗ ಹಾಲ್‌ಗೆ ಬಂದೆ. ಯಾರೂ ಇಲ್ಲ.

ಪ್ರತಿಯೊಂದು ಚಾನೆಲ್ಲೂ ಬೇರೆ ಬೇರೆಯಾಗಿ ಡಿಸ್ಕಿಗೆ ರೆಕಾರ್ಡ್ ಆಗುತ್ತದೆ — ಫೇಡರ್‌ಗೂ ಮುಂಚೆ. ನಾನು ಮುಚ್ಚಿದರೂ ಡಿಸ್ಕಿಗೆ ಗೊತ್ತಾಗುವುದಿಲ್ಲ, ಅದು ಬರೆದುಕೊಳ್ಳುತ್ತಲೇ ಇರುತ್ತದೆ. ಮಾವನ ಚಾನೆಲ್ ಒಂದನ್ನೇ ಹಾಕಿದೆ. ಇಪ್ಪತ್ತೆರಡು ನಿಮಿಷಕ್ಕೆ ಓಡಿಸಿದೆ.

ಖಾಲಿಯಲ್ಲ ಅದು. ಹೆಡ್‌ಫೋನ್ ಕಿವಿಗೆ ಒತ್ತಿಕೊಂಡರೆ ಉಸಿರಾಟವಿದೆ. ಬಳೆ ಸರಿಯುವ ಸದ್ದಿದೆ. ಮೀಟರಿಗೆ ಕಾಣದಷ್ಟು ಸಣ್ಣದು. ಮೂವತ್ತನೇ ಸೆಕೆಂಡಿಗೆ, ಹತ್ತಿರದಿಂದ, ಅತ್ತೆ —

"ಕಡ್ಡೀ, ಬೆಳಕಿಗೆ ಅಡ್ಡ ನಿಲ್ಬೇಡ ಕಣೇ."

ಕಡ್ಡಿ ನಾನು. ಹದಿನೈದರಲ್ಲಿ ಹಾಗಿದ್ದೆ, ಈಗ ಯಾರೂ ನಂಬುವುದಿಲ್ಲ. ಸರಿದು ನಿಂತ ಹೆಜ್ಜೆ ಸದ್ದೂ ಕೇಳಿಸಿತು. ನನ್ನದೇ ಹೆಜ್ಜೆ.

ಹತ್ತು ಸೆಕೆಂಡ್. "ಹಾಂ... ಬಂತು."

ಆಮೇಲೆ ಮಿಷನ್. ನಿಧಾನಕ್ಕೆ ಶುರುವಾಗಿ ಓಡುತ್ತದೆ, ಒಂದೊಂದು ಹೊಲಿಗೆಗೂ ಮಾವ ಒಂದೊಂದು ಸ್ವರ ಏರಿಸುತ್ತಾ ಹೋಗಿದ್ದಾನೆ. ಆರು ನಿಮಿಷ. ಇಡೀ ಎಂಟು ತಿಂಗಳ ಕೆಲಸ ಈ ಆರು ನಿಮಿಷಕ್ಕಾಗಿಯೇ. ಮೊದಲಿನದೆಲ್ಲ ಇದಕ್ಕೆ ದಾರಿ.

ಮಾವ ಹಿಂದೆ ಸರಿದ ಮೇಲೂ ಡಬ್ಬಿ ಇದನ್ನು ತಾನಾಗಿಯೇ ನುಡಿಯುತ್ತಿದ್ದಾಗ ಹಾಲ್‌ನಲ್ಲಿ ಜನ ಜಿಂಕೆಯ ಜೊತೆ ಕುಣಿಯುತ್ತಿದ್ದರು. ನಾನೂ ಕಾಲಲ್ಲಿ ತಾಳ ಹಾಕುತ್ತಿದ್ದೆ.

ಶನಿವಾರ ಹೋಗಿ ಹೇಳಿಬಿಡುತ್ತೇನೆ.


ಮಾರ್ಚ್ ೧೪, ಶನಿವಾರ. ಸಂಜೆ ೪

ಹೇಳಲಿಲ್ಲ.

ಮಾವನ ಮನೆಯ ಮೇಜಿನ ಮೇಲೆ ಡಬ್ಬಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ನಟ್ಟು, ಸ್ಕ್ರೂ ಎಲ್ಲ ಬಾಟಲಿ ಮುಚ್ಚಳಗಳಲ್ಲಿ. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ಕೂತಿದ್ದ.

"ಮನೇಲಿ ಸರಿಯಾಗೇ ನುಡಿಯುತ್ತೆ ಕಣೇ. ಐವತ್ತು ಸಲ ಹಾಕ್ದೆ. ಅಲ್ಲಿ ಮಾತ್ರ ಸತ್ತಿದೆ. ಬಿಟ್ಟು ಬಿಟ್ಟು ಬರೋ ರೋಗ ಇದು. ಇದ್ರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಬಿಸಿಗೆ ಇರ್ಬೇಕು ಅಂತ ಹೇರ್ ಡ್ರೈಯರ್ ಬಿಟ್ಟು ನೋಡ್ದೆ, ತಟ್ಟಿ ನೋಡ್ದೆ..."

"ಬಿಡು ಮಾವ. ಕೇಬಲ್ ಕೆಟ್ಟಿದ್ರೂ ಕೆಟ್ಟಿರ್ಬೋದು."

"ನನ್ ಕೇಬಲ್ಲಾ? ನೀನು ನನ್ ಕೇಬಲ್ ಬಗ್ಗೆ ಮಾತಾಡ್ತೀಯಾ?" ಸ್ವಲ್ಪ ನಕ್ಕ. ಆಮೇಲೆ, "ರೆಕಾರ್ಡಿಂಗ್ ಇರುತ್ತಲ್ಲ ನಿಮ್ಮಲ್ಲಿ? ಎಲ್ಲಿ ಕಡೀತು ಅಂತ ಕೇಳಿದ್ರೆ ಗೊತ್ತಾಗುತ್ತೆ."

ನಿಜ ಹೇಳಲು ಬಾಗಿಲು ತಾನಾಗಿಯೇ ತೆರೆದಿತ್ತು. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು.

"ಅವತ್ತು ಆ ಚಾನೆಲ್ ಆನ್ ಮಾಡೋಕೆ ಮರ್ತಿದ್ದೆ ಮಾವ."

"ಛೇ. ಹೋಗ್ಲಿ ಬಿಡು. ನಿಂಗೆ ನೂರೆಂಟು ಕೆಲ್ಸ."

ಹತ್ತು ವರ್ಷದವಳಿದ್ದಾಗ ಈ ಮೇಜಿನಲ್ಲೇ ನನಗೆ ಬೆಸುಗೆ ಹಾಕುವುದು ಕಲಿಸಿದವನು. ಕೈ ಸುಟ್ಟುಕೊಂಡಾಗ ಬೈಯದೆ ತಣ್ಣೀರಿನ ಲೋಟ ಇಟ್ಟವನು. ಅವನ ಮುಖ ನೋಡಿಕೊಂಡು ಎರಡನೇ ಸುಳ್ಳು. ಮೊದಲನೆಯದು ಗಾಬರಿಯಲ್ಲಿ ಬಂತು ಅನ್ನಬಹುದು. ಇದಕ್ಕೆ ಏನನ್ನಲಿ? ಚಹಾ ಕುಡಿದು ಬಂದೆ.


ಮಾರ್ಚ್ ೧೫

ಫೋನ್ ಕೈಗೆತ್ತಿಕೊಂಡೆ. ಇಟ್ಟೆ.


ಮಾರ್ಚ್ ೨೪, ಮಂಗಳವಾರ. ಮಧ್ಯಾಹ್ನ

ಬರೆಯದೆ ಒಂಬತ್ತು ದಿನ. ಬರೆದರೆ ಅದನ್ನೇ ಬರೆಯಬೇಕಾಗುತ್ತದೆ, ಅದಕ್ಕೆ.

ಆ ತಿರುವಿನ ವಿಡಿಯೋ ಯಾರೋ ಹಾಕಿದ್ದಾರೆ. ನಲವತ್ತು ಸೆಕೆಂಡಿನದು. ಮಾವನ ಕೊನೆಯ ಸ್ವರ, ಆ ಏಳು ಸೆಕೆಂಡ್, ಆಮೇಲೆ ಜಿಂಕೆ ನೆಗೆಯುವುದು. ನೋಡಿದವರೆಲ್ಲ ವಾಹ್ ವಾಹ್. ಮೂರು ದಿನದ ದೊಡ್ಡ ಸಂಗೀತೋತ್ಸವದವರು ಮೇಡಂಗೆ ಫೋನ್ ಮಾಡಿ ನನ್ನನ್ನು ಕೇಳಿದ್ದಾರಂತೆ. ಮೂರು ದಿನದ ಬದಲಾವಣೆಗಳೆಲ್ಲ ನನ್ನ ಕೈಯಲ್ಲಿ.

"ಆ ಸೈಲೆನ್ಸ್ ಐಡಿಯಾ ಯಾರದು? ನಿಂದೇ ಅಲ್ವಾ?" ಮೇಡಂ ಕೇಳಿದರು.

"ಮಾವನದು" ಅಂದೆ. ನಿಜವನ್ನೇ ಹೇಳಿದೆ. ನಿಜ ಹೇಳಿಯೂ ಸುಳ್ಳಾಡುವುದು ಇಷ್ಟು ಸುಲಭವೇ.

ಜಿಂಕೆ ಎದುರಾದ. "ಅಕ್ಕಾ, ಅವತ್ತು ನಿಮ್ಮಿಂದ ಬದುಕ್ದೆ. ನಾನಾಗಿದ್ರೆ ಗಾಬರೀಲಿ ಏನೋ ಒತ್ಬಿಡ್ತಿದ್ದೆ." ಪಾಪದ ಹುಡುಗ. ಅವನ ಮೇಲೆ ಯಾಕೆ ರೇಗಿದೆನೋ.


ಮಾರ್ಚ್ ೨೮, ಶನಿವಾರ. ಬೆಳಿಗ್ಗೆ ೧೧

ಮಾವನ ಫೋನ್.

"ಕಡ್ಡೀ, ಒಂದು ತಪ್ಪು ಮಾಡ್ಕೊಂಡೆ ಕಣೇ."

ಕೂತಲ್ಲಿಂದ ಎದ್ದುನಿಂತೆ. ತಪ್ಪು ಅನ್ನುವ ಮಾತೇ ಸಾಕು ಈಗ.

"ಮೆಮೊರಿ ಚಿಪ್ ಮೇಲೇ ಅನುಮಾನ ಬಂತು. ಬಿಚ್ಚಿ ಮತ್ತೆ ಬೆಸುಗೆ ಹಾಕೋಣ ಅಂತ ಹೋದೆ. ಬಿಸಿ ಜಾಸ್ತಿ ಆಯ್ತೋ ಏನೋ. ಸುಟ್ಟೋಯ್ತು. ಒಂದಕ್ಷರ ಉಳಿದಿಲ್ಲ."

"ಬೇರೆ ಕಾಪಿ?"

"ಎಲ್ಲೀದು? ಹಿಂದೆ ಅವಳು ಹೊಲೀವಾಗ ರೆಕಾರ್ಡ್ ಮಾಡಿದ್ದ ಆ ಹಳೇ ಕ್ಯಾಸೆಟ್ ಟೇಪ್ ಪುಡಿಪುಡಿ ಆಗಿತ್ತಲ್ಲ, ಅಂಟಿಸಿ ಅಂಟಿಸಿ ಒಂದೇ ಸಲ ಓಡಿಸಿ ಚಿಪ್‌ಗೆ ಹಾಕ್ಕೊಂಡಿದ್ದೆ." ಆಮೇಲೆ ಅದೇ ನಿಧಾನದ ದನಿ. "ನಲವತ್ತು ವರ್ಷ ಊರವ್ರ ರೇಡಿಯೋಗಳನ್ನೆಲ್ಲ ಬದುಕ್ಸಿ, ನಿಮ್ಮತ್ತೆ ದನಿ ನನ್ ಕೈಯಲ್ಲೇ ಸುಟ್ಟೆ ನೋಡು. ಕೈಗೆ ವಯಸ್ಸಾಯ್ತು. ಇನ್ನು ಮುಟ್ಟಲ್ಲ."

ನಾನು ಏನಂದೆ? "ಅಯ್ಯೋ ಮಾವ" ಅಂದೆ. ಅಷ್ಟೇ ಅಂದೆ.

ಇಲ್ಲದ ರೋಗಕ್ಕೆ ಮೂರು ವಾರ ಚಿಕಿತ್ಸೆ. ರೋಗ ನನ್ನ ಬಾಯಲ್ಲಿತ್ತು.


ಮಾರ್ಚ್ ೩೦

ಅಮ್ಮ ಹೇಳಿದಳು. ಬೆಸುಗೆಯ ಸಾಮಾನೆಲ್ಲ ಪಕ್ಕದ ಬೀದಿಯ ಮೊಬೈಲ್ ರಿಪೇರಿಯವನಿಗೆ ಕೊಟ್ಟುಬಿಟ್ಟನಂತೆ. ಸುಮ್ಮನೆ. "ಅಣ್ಣ ಯಾಕೋ ಒಂಥರಾ ಆಗಿದಾನೆ. ಊಟಕ್ಕೆ ಕರೆದ್ರೂ ಬರಲ್ಲ. ನೀನಾದ್ರೂ ಹೋಗಿ ಮಾತಾಡ್ಸೇ, ನೀನಂದ್ರೆ ಅವನಿಗೆ ಪ್ರಾಣ."

ತಟ್ಟೆ ಸರಿಸಿ ಎದ್ದೆ.


ಏಪ್ರಿಲ್ ೪, ಶನಿವಾರ. ಮಧ್ಯಾಹ್ನ ೨

ನಾಳೆ ಮತ್ತೆ ಕಾರ್ಯಕ್ರಮ. ಕೇಬಲ್, ಮೇಜು, ಗಾಲಿ. ಕೊನೆಯ ಕೆಲಸ — ಕಳೆದ ಸಲದ ರೆಕಾರ್ಡಿಂಗ್ ಅಳಿಸಿ ಡಿಸ್ಕ್ ಖಾಲಿ ಮಾಡುವುದು. ಪ್ರತಿ ಸಲವೂ ನಾನೇ ಮಾಡುವುದು. ಜಾಗ ಸಾಲುವುದಿಲ್ಲ.

ಬರೆದೇ ಬಿಡುತ್ತೇನೆ, ಇಲ್ಲಿ ಕೂಡ ಸುಳ್ಳಾಡಿದರೆ ಇನ್ನೆಲ್ಲಿ ನಿಜ ಹೇಳಲಿ. ಅಳಿಸಲೇ ಅಂತ ಸ್ಕ್ರೀನ್ ಕೇಳಿತು. ಬೆರಳು ಇಟ್ಟಿದ್ದೆ. ಒತ್ತಿದರೆ ಮುಗಿಯಿತು. ಯಾರಿಗೂ ಎಂದೂ ತಿಳಿಯುವುದಿಲ್ಲ. ಮಾವನಿಗೆ ಹೇಗೂ ಚಿಪ್ ಸುಟ್ಟ ದುಃಖ ಇದ್ದೇ ಇದೆ, ಅದರ ಜೊತೆ ಇದೂ ಯಾಕೆ — ಹಾಗೆಲ್ಲ ಯೋಚಿಸಿದೆ. ಅವನ ಒಳ್ಳೆಯದಕ್ಕೇ ಅನ್ನುವ ಹಾಗೆ.

ಇನ್ನೊಂದು ದಾರಿಯೂ ಹೊಳೆಯಿತು. ಎಲ್ಲೋ ಒಂದು ಕಾಪಿ ಸಿಕ್ಕಿತು ಮಾವ ಅಂತ ಕೊಟ್ಟುಬಿಡುವುದು. ಕುಣಿದಾಡುತ್ತಾನೆ. ನಾನೇ ದೇವತೆ. ಆದರೆ ಇಪ್ಪತ್ತೆರಡಕ್ಕೆ ನಿಂತದ್ದು ಮತ್ತೆ ಶುರುವಾಗಿ ಇಪ್ಪತ್ತೆಂಟರವರೆಗೂ ನುಡಿಯುತ್ತದೆ ಇದರಲ್ಲಿ. ಅವನಿಗೆ ಒಂದು ಕ್ಷಣ ಸಾಕು. ಡಬ್ಬಿ ಸಾಯಲಿಲ್ಲ ಅಂದರೆ ಮುಚ್ಚಿದವರು ಯಾರು? ಕೊಟ್ಟರೆ ತಿಳಿಯುತ್ತದೆ. ತಿಳಿಯದ ಹಾಗೆ ಕೊಡುವುದಕ್ಕೆ ಆಗುವುದಿಲ್ಲ.

ಮಿಕ್ಸರ್ ಮೇಲಿನ ಟೇಪ್ ಅಂಚು ಎದ್ದಿತ್ತು. ಕೈ ನೋಡು. ನನ್ನದೇ ಕೈ ನೋಡಿಕೊಂಡೆ. ನಾಚಿಕೆಯಾಯಿತು.

ಎರಡು ಪೆನ್‌ಡ್ರೈವ್‌ಗಳಿಗೆ ಹಾಕಿಕೊಂಡೆ. ಆಮೇಲೆ ಡಿಸ್ಕ್ ಅಳಿಸಿದೆ.

ಮೇಡಂಗೆ ಹೇಳಿದೆ, ನಾಳೆ ಒಂದಕ್ಕೆ ಬರುತ್ತೇನೆ, ಬೆಳಿಗ್ಗೆ ಆಗುವುದಿಲ್ಲ. ಉತ್ಸವದವರಿಗೆ ಇನ್ನೂ ಒಪ್ಪಿಗೆ ಕೊಡಬೇಡಿ ಅಂತಲೂ ಹೇಳಿದೆ. "ಏನಾಯ್ತೇ ನಿಂಗೆ?" ಅಂದರು.


ಏಪ್ರಿಲ್ ೫, ಭಾನುವಾರ. ಬೆಳಿಗ್ಗೆ ೧೦.೦೫. ಮಾವನ ಮನೆ

ಇಲ್ಲೇ ಕೂತು ಬರೆಯುತ್ತಿದ್ದೇನೆ. ಕೈ ಎಲ್ಲಿಡಬೇಕೋ ತಿಳಿಯದೆ ಬ್ಯಾಗಿನಿಂದ ಡೈರಿ ತೆಗೆದೆ.

ಹೇಳಿದೆ. ನಿಂತುಕೊಂಡೇ ಹೇಳಿದೆ. ಚೀಟಿ ಓದಲಿಲ್ಲ. ಕೈ ಮೇಜಿನ ಮೇಲಿದ್ದದ್ದು ನೋಡಿಯೂ ಮುಚ್ಚಿದೆ. ಡಬ್ಬಿ ಸಾಯಲಿಲ್ಲ. ರೆಕಾರ್ಡಿಂಗ್ ಇತ್ತು. ಎರಡು ಸಲ ಸುಳ್ಳು ಹೇಳಿದೆ. ಒಂದೂ ಬಿಡಲಿಲ್ಲ.

ಮಾವ ಮೇಜು ನೋಡಿದ. ಬೆಸುಗೆಯ ಸಾಮಾನಿಲ್ಲದ ಬೋಳು ಮೇಜು.

"ಮೂರು ವಾರ ಹುಡುಕ್ದೆ ಕಣೇ."

"ಹೂಂ."

"ಇಲ್ದೇ ಇರೋದನ್ನ."

ನಾನು ಅಳಲಿಲ್ಲ. ಅತ್ತರೆ ಅವನು ನನ್ನನ್ನು ಸಮಾಧಾನ ಮಾಡಲು ಶುರುಮಾಡುತ್ತಾನೆ. ಅದನ್ನೂ ಅವನಿಂದ ಕಿತ್ತುಕೊಳ್ಳಬಾರದು ಅನ್ನಿಸಿತು, ಸಿಟ್ಟನ್ನು.

"ಹಾಗಾದ್ರೆ ನನ್ ಕೈಗೆ ಏನೂ ಆಗಿಲ್ಲ ಅನ್ನು" ಅಂದ. ತನ್ನ ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ. ಬಯ್ದಿದ್ದರೆ ಚೆನ್ನಾಗಿತ್ತು.

ಲ್ಯಾಪ್‌ಟಾಪ್ ತೆರೆದೆ. ಅವನ ಸ್ಪೀಕರ್‌ಗೆ ಸಿಕ್ಕಿಸಿದೆ. ನೇರವಾಗಿ ಇಪ್ಪತ್ತೆರಡಕ್ಕೆ ಓಡಿಸಲು ಹೋದೆ. ನನ್ನ ಕೈ ಮೇಲೆ ಪಟ್ಟೆಂದು ಹೊಡೆದ. ಚಿಕ್ಕವಳಿದ್ದಾಗಲೂ ಹೊಡೆದವನಲ್ಲ.

"ಮೊದ್ಲಿಂದ ಹಾಕು."

"ಮಾವ, ನೀನು ಕೇಳ್ತಿರು, ನಾನು ಆಚೆ..."

"ಕೂತ್ಕೋ. ಅವತ್ತು ನಾಲ್ಕು ನಿಮಿಷ ಕೇಳಿ ಎದ್ದೋದವ್ಳು ನೀನು. ಪೂರ್ತಿ ಕೇಳು ಅಂದಿದ್ದೆ ನಾನು."

ಕೂತೆ.


೧೦.೨೬

ಎದ್ದಿಲ್ಲ. ಒಂಬತ್ತನೇ ನಿಮಿಷಕ್ಕೆ ನಾನೇ ಬೇಸ್ ಸ್ವಲ್ಪ ಇಳಿಸಿದೆ. ಮಾವ ತಲೆಯಾಡಿಸಿದ, ನನ್ನ ಕಡೆ ನೋಡದೆ. ಹದಿನಾಲ್ಕಕ್ಕೆ ಎಂಥ ಚೆಂದದ ಒಂದು ತುಣುಕಿದೆ, ಅವತ್ತು ಕೇಳಿಸಿಕೊಂಡೇ ಇರಲಿಲ್ಲ. ಗಡಿಯಾರ ನೋಡುತ್ತಿದ್ದೆನೇನೋ. ಈ ಆರು ನಿಮಿಷ ಮುಗಿದ ಮೇಲೆ ಮಾವ ನನ್ನ ಜೊತೆ ಮಾತಾಡುತ್ತಾನೋ ಇಲ್ಲವೋ ಗೊತ್ತಿಲ್ಲ. ಆಡದಿದ್ದರೂ ಕೇಳುವ ಹಕ್ಕು ನನಗಿಲ್ಲ. ಅತ್ತೆಯ ದನಿ ಮಾತ್ರ ಅವನಿಗೆ

ನಿಂತಿತು.

ಮಾವನ ಎರಡೂ ಕೈ ಮೇಜಿನ ಮೇಲಿವೆ. ಕಣ್ಣು ಮುಚ್ಚಿಲ್ಲ. ಎದುರಿನ ಕುರ್ಚಿ ನೋಡುತ್ತಿದ್ದಾನೆ, ಮಿಷನ್ ಇದ್ದ ಜಾಗ. ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡುತ್ತಿದ್ದಾರೆ, ಕಿಟಕಿ ಮುಚ್ಚಬೇಕಿತ್ತು. ಏಳು ಸೆಕೆಂಡ್ ದಾಟಿತು. ಎಂಟು. ಈಗ ನನ್ನ ಕಡೆ ತಿರುಗಿದ. ತುಟಿಯ ಮೇಲೆ ಬೆರಳಿಟ್ಟು, ಪೆನ್ ಕೆಳಗಿಡು ಅಂತ